ಅಕ್ಕೋರ ಮೂರನೇ ಒಂದು ಪಾಲು

ಅಕ್ಕೋರು ಮೊದಲ ಸಲ ನನ್ನ ಆಫೀಸಿಗೆ ಬಂದಾಗ, ನಾನು ತೋರಿಸಿದ ಕುರ್ಚಿಯನ್ನು ತಾವೇ ಎತ್ತಿ ಕಿಟಕಿಯ ಹತ್ತಿರ ಒಯ್ದು, ಬೆಳಕಿಗೆ ಬೆನ್ನು ಮಾಡಿ ಕೂತರು.

"ಬೆಳಕು ನಿಮ್ಮ ಮುಖದ ಮ್ಯಾಲೆ ಬೀಳಬೇಕ್ರಿ ಸರ. ಮಾತಾಡೋವ್ರ ತುಟಿ ಕಾಣಲಿಲ್ಲಂದ್ರ ನನಗ ಅರ್ಧಾ ಮಾತು ತಿಳಿಯೂದಿಲ್ಲ" ಎಂದರು.

ಕಿವಿ ಮಂದವಿರಬೇಕೆಂದುಕೊಂಡು ದನಿ ಏರಿಸಿದೆ.

"ಕಿವಿ ಛಲೋ ಅದಾವ್ರಿ. ಇದು ಇಪ್ಪತ್ತೈದು ವರ್ಷದ ಚಟ" ಎಂದು ನಕ್ಕರು.

ಹುಬ್ಬಳ್ಳಿಯ ಹತ್ತಿರದ ಒಂದು ಕಿವುಡ ಮಕ್ಕಳ ಶಾಲೆಯಲ್ಲಿ ಅವರು ಇಪ್ಪತ್ತೈದು ವರ್ಷ ಕಲಿಸಿದ್ದರು. ಆ ಕಡೆ ಶಾಲೆಯ ಟೀಚರಮ್ಮನಿಗೆ ಅಕ್ಕೋರು ಅನ್ನುತ್ತಾರೆ. ಆಕ್ಲೆಂಡಿನ ಕನ್ನಡದವರ ನಡುವೆಯೂ ಆ ಹೆಸರೇ ಉಳಿದಿತ್ತು. ಮದುವೆಯಾಗಿರಲಿಲ್ಲ. ಎಂಜಿನಿಯರ್ ತಮ್ಮ ಇಲ್ಲಿಗೆ ಬಂದಾಗ ಅವನ ಸಂಸಾರದ ಜೊತೆ ಬಂದರು. ಇಲ್ಲಿ ಅವರ ಪಾಠಕ್ಕೆ ಬೆಲೆ ಸಿಗಲಿಲ್ಲ. ಈಸ್ಟ್ ತಮಾಕಿಯ ಕಾರ್ಖಾನೆಯೊಂದರಲ್ಲಿ ಡಬ್ಬಿಗಳಿಗೆ ಮುಚ್ಚಳ ಹಾಕುವ ಯಂತ್ರದ ಪಕ್ಕ ನಿಂತು ಪ್ಯಾಕಿಂಗ್ ಮಾಡುವ ಕೆಲಸ ಸಿಕ್ಕಿತು. ದಿನಾ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದರು.

ನಾನು ಮೈಸೂರಿನವನು. ಸ್ಯಾಂಡ್ರಿಂಗಮ್ ರಸ್ತೆಯಲ್ಲಿ ಒಂದು ದಿನಸಿ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು, ನಮ್ಮ ಜನರ ತೆರಿಗೆಯ ಕಾಗದಪತ್ರ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಅಕ್ಕೋರ ಎದುರು ಕೂತರೆ ಒಂದು ಕಷ್ಟವಿತ್ತು. ಅವರು ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದರು. ಖಾತ್ರಿಯಿಲ್ಲದ್ದನ್ನು ಗೊಣಗಿ ದಾಟಿಸುವ ಅಭ್ಯಾಸ ನನ್ನ ವೃತ್ತಿಯವರಿಗೆಲ್ಲ ಸ್ವಲ್ಪ ಇರುತ್ತದೆ. ಅವರ ಮುಂದೆ ಅದು ನಡೆಯುತ್ತಿರಲಿಲ್ಲ. ಅಂಗೈಯಿಂದ ಮೇಜನ್ನು ಎರಡು ಸಲ ಮೆಲ್ಲಗೆ ತಟ್ಟಿ, "ಇನ್ನೊಮ್ಮೆ ಹೇಳ್ರಿ" ಅನ್ನುತ್ತಿದ್ದರು.

ಆ ಮೊದಲ ವರ್ಷವೇ ಅವರ ಕಾಗದಗಳ ನಡುವೆ ಹನ್ನೆರಡು ರಸೀದಿಗಳಿದ್ದವು. ಇಲ್ಲಿನ ಕಿವುಡರಿಗಾಗಿ ಇರುವ ಒಂದು ಸಂಸ್ಥೆಗೆ ಪ್ರತಿ ತಿಂಗಳೂ ಅವರು ಕೊಟ್ಟಿದ್ದ ಹಣದ ರಸೀದಿಗಳು. ಈ ದೇಶದಲ್ಲಿ ಮಾನ್ಯತೆ ಇರುವ ಸಂಸ್ಥೆಗೆ ದಾನ ಕೊಟ್ಟರೆ ಅದರ ಮೂರನೇ ಒಂದು ಪಾಲನ್ನು ಸರ್ಕಾರ ನಿಮಗೆ ಹಿಂದಿರುಗಿಸುತ್ತದೆ ಎಂದು ಹೇಳಿ, ಸಹಿ ಹಾಕಲು ಅರ್ಜಿ ಮುಂದಿಟ್ಟೆ. ಅವರು ಓದಿ ನನ್ನ ಕಡೆಗೇ ತಳ್ಳಿದರು.

"ಕೊಟ್ಟದ್ದನ್ನ ತಿರುಗಿ ಇಸಗೊಳ್ಳೂದೇನ್ರಿ?"

"ಹಾಗಲ್ಲ ಅಕ್ಕೋರೆ. ಸಂಸ್ಥೆ ವಾಪಸ್ ಕೊಡೋದಲ್ಲ. ನೀವು ಕಟ್ಟಿರೋ ತೆರಿಗೇಲಿ ಸರ್ಕಾರ ಕೊಡೋದು. ಎಲ್ಲರೂ ತಗೋತಾರೆ."

"ತಗೊಳ್ಳೋವ್ರು ತಗೊಳ್ಳಲಿ. ನನಗ ಬ್ಯಾಡ."

ಎರಡು ವರ್ಷ ಅವರು ಸಹಿ ಹಾಕಲಿಲ್ಲ. ಮೂರನೇ ವರ್ಷ ತಾವಾಗಿಯೇ ಅರ್ಜಿ ಕೇಳಿದರು. ಆ ಹಣವನ್ನು ತಮ್ಮ ಹಳೆಯ ಶಾಲೆಗೆ ಕಳಿಸಿ, ಮಕ್ಕಳ ಕಿವಿಯ ಯಂತ್ರಕ್ಕೆ ಸೆಲ್ಲು ತರಿಸುವ ಯೋಚನೆ ಬಂದಿತ್ತು. ಭಾರತದ ಶಾಲೆಗೆ ನೇರವಾಗಿ ಕೊಟ್ಟರೆ ಇಲ್ಲಿ ರಿಯಾಯಿತಿ ಸಿಗುವುದಿಲ್ಲ. ಇಲ್ಲಿ ಕೊಟ್ಟು, ಮರಳಿ ಬಂದ ಪಾಲನ್ನು ಅಲ್ಲಿಗೆ ಕಳಿಸಿದರೆ ಒಂದೇ ದುಡಿಮೆ ಎರಡು ಕಡೆ ಸೇರುತ್ತದೆ.

"ಇಲ್ಲೆ ದುಡದದ್ದು ಇಲ್ಲಿ ಮಂದೀಗೆ ಹೋಗಲಿ. ಸರ್ಕಾರ ಕೊಟ್ಟದ್ದು ಊರಿಗೆ ಹೋಗಲಿ. ನಡಬರಕ ನನ್ನ ಕೈಯಾಗ ಏನೂ ಉಳೀಬಾರದು, ಅಷ್ಟ" ಎಂದರು. ಮೂವತ್ತು ವರ್ಷದ ಅನುಭವದ ಲೆಕ್ಕಿಗನಾದ ನನಗೆ ಆ ದಾರಿ ಹೊಳೆದಿರಲಿಲ್ಲ.

ಅವರ ಕಾರ್ಖಾನೆಗೆ ನಾನು ಒಂದೇ ಸಲ ಹೋಗಿದ್ದೆ, ಅದೂ ಒಂದು ಸಹಿಗಾಗಿ. ಯಂತ್ರದ ಗದ್ದಲದಲ್ಲಿ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಆದರೆ ಆ ಸಾಲಿನಲ್ಲಿ ಮಾತುಕತೆ ಜೋರಾಗಿ ನಡೆದಿತ್ತು. ಒಬ್ಬ ಸಮೋವನ್ ಹೆಂಗಸು, ಇಬ್ಬರು ಚೀನೀಯರು, ಒಬ್ಬ ಗುಜರಾತಿ ಮುದುಕ, ಎಲ್ಲರೂ ಕೈಯಲ್ಲೇ ಹರಟುತ್ತಿದ್ದರು. ಡಬ್ಬಿ ಮುಗಿಯಿತು, ಸೂಪರ್‌ವೈಸರ್ ಬಂದ, ಸೊಂಟ ನೋಯುತ್ತಿದೆ, ನಿನ್ನೆ ಮೊಮ್ಮಗ ಹುಟ್ಟಿದ. ಕಲಿಸಿದವರು ಅಕ್ಕೋರು. ಏವನ್‌ಡೇಲ್‌ನ ಭಾನುವಾರದ ಸಂತೆಯಲ್ಲಿ ಸೊಪ್ಪು ಮಾರುವ ಒಬ್ಬ ಕಿವುಡನ ಜೊತೆಗೂ ಅವರಿಗೆ ಗೆಳೆತನವಿತ್ತು. ಇಬ್ಬರ ಸನ್ನೆಗಳು ಬೇರೆ ಬೇರೆ. ಬೆರಳಿನಲ್ಲಿ ಬರೆಯುವ ಇಂಗ್ಲಿಷ್ ಅಕ್ಷರಗಳು ಮಾತ್ರ ಹೆಚ್ಚುಕಡಿಮೆ ಹೊಂದುತ್ತಿದ್ದವು. ಒಂದು ಕಟ್ಟು ಮೆಂತ್ಯ ಕೊಳ್ಳಲು ಅರ್ಧ ಗಂಟೆ ಹಿಡಿಯುತ್ತಿತ್ತು.

ಕೈ ಭಾಷೆಗೆ ಈ ದೇಶದಲ್ಲಿ ಅಧಿಕೃತ ಭಾಷೆಯ ಸ್ಥಾನ ಸಿಕ್ಕಿದ ವಾರ ಅವರು ಪತ್ರಿಕೆಯ ತುಂಡೊಂದನ್ನು ಮಡಚಿ ತಂದು ನನ್ನ ಮೇಜಿನ ಮೇಲಿಟ್ಟರು. ಸಂತೋಷದ ಸುದ್ದಿ ಎಂದು ನಾನು ಏನೋ ಅಂದೆ. ಅವರ ಮುಖದಲ್ಲಿ ಸಂತೋಷವಿರಲಿಲ್ಲ.

"ಸರ, ನಾ ಹುಡುಗರ ಕೈಮ್ಯಾಲೆ ಹೊಡದೀನಿ" ಎಂದರು.

ನನಗೆ ಅರ್ಥವಾಗಲಿಲ್ಲ.

"ನಮ್ಮ ಸಾಲ್ಯಾಗ ನೇಮ ಇತ್ತು. ಮಕ್ಕಳು ತುಟಿ ನೋಡಿ ತಿಳಕೋಬೇಕು, ಬಾಯಿಲೆ ಮಾತಾಡಬೇಕು. ಕೈ ಎತ್ತಿದ್ರ ಪಟ್ಟಿಲೆ ಕೈಮ್ಯಾಲೆ ಹೊಡೀಬೇಕು. ಕೈ ಮಾಡಿದ್ರ ಬಾಯಿ ಬರೂದಿಲ್ಲ ಅಂತ ನಮಗ ಕಲಿಸಿದ್ರು. ನಾನೂ ಹೊಡದೆ. ಇಲ್ಲೂ ಹಂಗ ಹೊಡೀತಿದ್ರಂತ, ಸಂತ್ಯಾಗಿನ ಅವ ಹೇಳ್ಯಾನ."

ಒಬ್ಬ ಹುಡುಗಿಯ ವಿಷಯ ಹೇಳಿದರು. ಎಷ್ಟು ಹೊಡೆದರೂ ಕೈ ಕೆಳಗಿಳಿಸದವಳು. ಶೌಚಾಲಯದ ಗೋಡೆಯ ಹಿಂದೆ ಮಕ್ಕಳನ್ನೆಲ್ಲ ಕೂಡಿಸಿಕೊಂಡು ಕೈಯಲ್ಲೇ ಕತೆ ಹೇಳುತ್ತಿದ್ದಳಂತೆ. ಒಂದು ದಿನ ಹೊಡೆಯಲು ಹೋದ ಅಕ್ಕೋರು ಮರೆಯಲ್ಲಿ ನಿಂತು ಆ ಕತೆಯನ್ನು ಕೊನೆಯವರೆಗೂ ನೋಡಿದರು. ಅಂದಿನಿಂದ ಪಟ್ಟಿ ಕೆಳಗಿಟ್ಟರು, ಗುಟ್ಟಾಗಿ ಅವಳಿಂದಲೇ ಸನ್ನೆ ಕಲಿತರು. ಆ ಹುಡುಗಿ ಈಗ ಮೂವತ್ತೈದು ದಾಟಿದ ಹೆಂಗಸು. ಹುಬ್ಬಳ್ಳಿಯಲ್ಲಿ ಜಂಪರ್ ಹೊಲಿದು ಬದುಕುತ್ತಿದ್ದಳು.

"ಅಕಿನ್ನ ಆ ಸಾಲ್ಯಾಗ ಅಕ್ಕೋರನ್ನ ಮಾಡಬೇಕ್ರಿ. ಮಕ್ಕಳಿಗೆ ಕೈಲೆ ಪಾಠ ಹೇಳಾಕ. ಹೊಸಾ ಹೆಡ್‌ಮಾಸ್ತರರು ಹೂಂ ಅಂದಾರ, ಪಗಾರ ಮಾತ್ರ ನೀವ ನೋಡಕೋರಿ ಅಂದಾರ."

ಅದಕ್ಕೆ ಅವರು ಹಾಕಿಕೊಂಡ ಲೆಕ್ಕ ಇದು. ಅರವತ್ತೈದಕ್ಕೆ ನಿವೃತ್ತಿ. ಅಷ್ಟರಲ್ಲಿ ಉಳಿಸಿದ್ದನ್ನೆಲ್ಲ ಇಲ್ಲಿನ ಸಂಸ್ಥೆಗೆ ಒಂದೇ ಸಲ ಕೊಡುವುದು. ಮರಳಿ ಬರುವ ಮೂರನೇ ಪಾಲಿನಲ್ಲಿ ಆ ಹೆಂಗಸಿಗೆ ಹಲವು ವರ್ಷದ ಸಂಬಳ. ಆಗ ಒಂದು ಅಡ್ಡಿಯಿತ್ತು. ವರ್ಷಕ್ಕೆ ಒಂದು ಚಿಕ್ಕ ಮಿತಿಯವರೆಗಿನ ದಾನಕ್ಕೆ ಮಾತ್ರ ರಿಯಾಯಿತಿ. ಎರಡು ವರ್ಷದಲ್ಲಿ ಆ ಮಿತಿಯೂ ಹೋಯಿತು, ಆ ವರ್ಷದ ಆದಾಯ ಎಷ್ಟಿದೆಯೋ ಅಲ್ಲಿಯವರೆಗೆ ಕೊಡಬಹುದೆಂದಾಯಿತು. ಫೋನ್ ಮಾಡಿ ಅವರಿಗೆ ತಿಳಿಸಿದೆ. ಫೋನಿನಲ್ಲಿ ತುಟಿ ಕಾಣುವುದಿಲ್ಲವೆಂದು ಮರುದಿನ ಆಫೀಸಿಗೇ ಬಂದು ಇನ್ನೊಮ್ಮೆ ಹೇಳಿಸಿಕೊಂಡರು.

ತಪ್ಪು ಮಾಡಿದ್ದು ನಾನು. ಕಿವಿಸೇವರ್ ಎಂಬ ನಿವೃತ್ತಿ ಉಳಿತಾಯದ ಯೋಜನೆ ಶುರುವಾದ ವರ್ಷ ಅವರಿಗೆ ಅರವತ್ತೆರಡು. ಸೇರಿಕೊಳ್ಳಿ, ಸರ್ಕಾರವೂ ಒಂದಿಷ್ಟು ಸೇರಿಸುತ್ತೆ ಎಂದೆ.

"ಕಿವಿ ಕಾಯೂ ರೊಕ್ಕ. ನಮ್ಮ ಹುಡುಗರ ಸಲುವಾಗೇ ಹೆಸರಿಟ್ಟಾರ" ಎಂದು ನಕ್ಕರು. ಆ ಮೇಲೆ, "ನಡುವ ತಗೀಲಿಕ್ಕೆ ಬರ್ತದೇನ್ರಿ?" ಎಂದು ಕೇಳಿದರು.

"ಬರಲ್ಲ. ಅರವತ್ತೈದಾಗೋವರೆಗೂ ಬೀಗ."

"ಬೀಗ ಇದ್ದರ ಛಲೋ. ತಮ್ಮ ಕೇಳಿದ್ರ ನನಗ ಇಲ್ಲಾ ಅನ್ನಾಕ ಬರೂದಿಲ್ಲ."

ಬ್ಯಾಂಕಿನಲ್ಲಿದ್ದ ಉಳಿತಾಯವನ್ನೂ ಅದರೊಳಗೆ ಹಾಕಿಸಿದರು. ವರ್ಷ ಕಳೆದ ಮೇಲೆ ಬೇರೊಬ್ಬರ ಕಾಗದ ನೋಡುವಾಗ ಒಂದು ಸಾಲು ಕಣ್ಣಿಗೆ ಬಿತ್ತು. ಅರವತ್ತು ದಾಟಿ ಸೇರಿದವರಿಗೆ ಅರವತ್ತೈದಾದರೂ ಸಾಲದು, ಸೇರಿ ಐದು ವರ್ಷ ತುಂಬಬೇಕು. ಅಂದರೆ ಅಕ್ಕೋರಿಗೆ ಅರವತ್ತೇಳು. ಅದನ್ನು ಅವರಿಗೆ ಹೇಳುವಾಗ ನಾನು ಮೇಜಿನ ಮೇಲಿನ ಕಾಗದ ನೋಡುತ್ತಾ ಹೇಳಿದೆ. ಅವರು ಮೇಜು ತಟ್ಟಿದರು. ತಲೆಯೆತ್ತಿ ಇನ್ನೊಮ್ಮೆ ಹೇಳಿದೆ.

"ಎರಡು ವರ್ಷ ಹೆಚ್ಚಿಗೆ ದುಡದರಾತು ಬಿಡ್ರಿ. ಮಾರಿ ಸಣ್ಣ ಮಾಡಬ್ಯಾಡ್ರಿ" ಎಂದು ನನಗೇ ಸಮಾಧಾನ ಹೇಳಿ ಬಸ್ಸಿಗೆ ಹೋದರು.

ಆ ಎರಡು ವರ್ಷ ಅವರಿಗೆ ಸಿಗಲಿಲ್ಲ. ಆ ವರ್ಷದ ನವೆಂಬರ್‌ನಲ್ಲಿ ಹೊಟ್ಟೆನೋವೆಂದು ಡಾಕ್ಟರ ಹತ್ತಿರ ಹೋದರು. ಕ್ಯಾನ್ಸರ್, ಬಹಳ ಮುಂದುವರಿದಿದೆ, ಕೆಲವು ತಿಂಗಳು ಎಂದರಂತೆ. ನನ್ನ ಎದುರು ಕೂತು, ಮಾರ್ಕೆಟ್ಟಿನಲ್ಲಿ ಮೆಂತ್ಯ ಸಿಗಲಿಲ್ಲ ಅನ್ನುವ ಹಾಗೆ ಅದನ್ನು ಹೇಳಿದರು.

"ಈಗ ಬೀಗ ತಗೀತಾರೇನ್ರಿ?"

ತೆಗೆಯುತ್ತಾರೆ ಎಂದೆ. ಸಾವಿನ ಹತ್ತಿರವಿರುವವರು ಡಾಕ್ಟರ ಪತ್ರ ಇಟ್ಟು ಕೇಳಿದರೆ ಹಣ ಬಿಡುತ್ತಾರೆ. ಆದರೆ ಅದಕ್ಕೆ ಸಮಯ ಬೇಕು. ಅದರ ಜೊತೆಗೆ ಒಂದು ಉಯಿಲು ಬರೆದಿಡಿ, ಹಣ ತಡವಾದರೂ ನೀವು ಹೇಳಿದ ಕಡೆ ಹೋಗುತ್ತೆ ಎಂದೆ.

"ಉಯಿಲಿನ್ಯಾಗ ಬರದ್ರ ಸರ್ಕಾರ ಮೂರನೇ ಪಾಲು ಕೊಡತದೇನು?"

"ಇಲ್ಲ. ಬದುಕಿರುವಾಗ ಕೊಟ್ಟಿದ್ದಕ್ಕೆ ಮಾತ್ರ ರಿಯಾಯಿತಿ."

"ಸರ್ಕಾರದವ್ರು ಶಾಣ್ಯಾ ಇದ್ದಾರ. ಸತ್ತ ಮ್ಯಾಲೆ ಕೊಟ್ಟದ್ದು ದಾನ ಅಲ್ಲರಿ, ಬಿಟ್ಟು ಹೋದದ್ದು" ಎಂದರು. "ಸಂಸ್ಥಾಕ್ಕೂ ಮುಟ್ಟಬೇಕು, ಅಕಿಗೂ ಮುಟ್ಟಬೇಕು. ಅರ್ಜಿ ತುಂಬ್ರಿ."

ಉಯಿಲಿನ ಮಾತನ್ನು ಎರಡು ಸಲ ಮತ್ತೆ ತೆಗೆದೆ. ಮನೆಯಲ್ಲಿ ತಮ್ಮನ ಹೆಂಡತಿ ಹಗಲು ರಾತ್ರಿ ಆರೈಕೆ ಮಾಡುತ್ತಿದ್ದಳು. ಅವಳ ಕೈಯ ಗಂಜಿ ಕುಡಿಯುತ್ತ, ಅವಳಿಗೆ ಏನೂ ಇಲ್ಲವೆಂದು ಬರೆಯುವುದು ಹೇಗೆ ಎಂದು ಕೇಳಿದರು. 

ಡಿಸೆಂಬರ್ ಮೊದಲ ವಾರ ಲೈಬ್ರರಿಯಲ್ಲಿ ಸಹಿಗೆ ಸಾಕ್ಷಿಯಾಗಲು ಕೂರುವ ಹಿರಿಯರೊಬ್ಬರ ಎದುರು ಪ್ರಮಾಣ ಮಾಡಿ ಅರ್ಜಿಗೆ ಸಹಿ ಹಾಕಿದರು. ಆಗಿನ್ನೂ ಅವರ ಅಕ್ಷರ ಕಪ್ಪುಹಲಗೆಯ ಮೇಲೆ ಬರೆದ ಹಾಗೆ ದುಂಡಗಿತ್ತು. ಆಸ್ಪತ್ರೆಯ ತಜ್ಞರ ಪತ್ರ ಬರುವ ಹೊತ್ತಿಗೆ ಕ್ರಿಸ್‌ಮಸ್ ಹತ್ತಿರವಾಗಿತ್ತು. ಈ ದೇಶದಲ್ಲಿ ಬದುಕಿದವರಿಗೆ ಗೊತ್ತು, ಕ್ರಿಸ್‌ಮಸ್‌ನಿಂದ ಜನವರಿಯ ಮಧ್ಯದವರೆಗೆ ಇಲ್ಲಿ ಏನೂ ಅಲುಗಾಡುವುದಿಲ್ಲ. ಎಲ್ಲರೂ ಬ್ಯಾಚ್ ಎಂಬ ರಜೆಮನೆಯ ಬೀಗ ತೆಗೆದು ಕಡಲ ದಂಡೆಯಲ್ಲಿ ಕೂತಿರುತ್ತಾರೆ. ಉಳಿತಾಯದ ಕಂಪನಿಗೆ ಫೋನ್ ಮಾಡಿದರೆ, ರಜೆ ಮುಗಿದ ಮೇಲೆ ಕರೆ ಮಾಡಿ ಎಂದು ಮುದ್ರಿಸಿಟ್ಟ ಒಂದು ದನಿ ಹೇಳುತ್ತಿತ್ತು. ಅದನ್ನು ದಿನಾ ಕೇಳಿದೆ. ಯಾರ ಮೇಲೆ ಸಿಟ್ಟಾಗಲಿ? ರಜೆ ತೆಗೆದುಕೊಂಡದ್ದು ಯಾರ ತಪ್ಪೂ ಅಲ್ಲ.

ಜನವರಿ ಕೊನೆಯಲ್ಲಿ ಇನ್ನೊಂದು ಕಾಗದ ಬೇಕೆಂದರು. ಕಳಿಸಿದೆ. ಫೆಬ್ರವರಿಯಲ್ಲಿ ಅಕ್ಕೋರನ್ನು ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಹಾಸ್ಪಿಸ್‌ಗೆ ಸೇರಿಸಿದರು. ಅದಾದ ನಾಲ್ಕನೇ ದಿನ, ಹಣ ಅವರ ಖಾತೆಗೆ ಬಂದಿದೆಯೆಂದು ಪತ್ರ ಬಂತು. ಅವರ ಚೆಕ್ ಪುಸ್ತಕ ನನ್ನ ಬಳಿಯೇ ಇತ್ತು. ಸಂಸ್ಥೆಯ ಹೆಸರು ಬರೆದು, ಮೊತ್ತ ಬರೆದು, ಸಹಿಯ ಜಾಗ ಖಾಲಿ ಬಿಟ್ಟು ಕಾರು ಹತ್ತಿದೆ.

ಮಧ್ಯಾಹ್ನ ಮೂರು ಗಂಟೆ. ಅವರ ತಮ್ಮ ಹೊರಗೆ ಕಾರಿಡಾರಿನಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ. ಅಕ್ಕೋರು ಎಚ್ಚರವಿದ್ದರು, ಆದರೆ ಔಷಧಿಯ ಮಂಪರು. ಕಿಟಕಿಯ ಬೆಳಕು ನನ್ನ ಮುಖಕ್ಕೆ ಬೀಳುವ ಹಾಗೆ ನಿಂತು, "ಹಣ ಬಂತು ಅಕ್ಕೋರೆ" ಎಂದೆ. ಅವರ ಕಣ್ಣು ನನ್ನ ತುಟಿಯ ಮೇಲೆ ನಿಂತಿತು. ತಿಳಿಯಿತು ಅವರಿಗೆ. ಬಲಗೈ ಎತ್ತಲು ನೋಡಿದರು. ಪೆನ್ನನ್ನು ಬೆರಳ ನಡುವೆ ಇಟ್ಟೆ. ಬಿತ್ತು. ಮತ್ತೆ ಇಟ್ಟೆ. ಚೆಕ್ಕಿನ ಮೇಲೆ ಒಂದು ಅಡ್ಡಗೆರೆ ಎಳೆದು ಪೆನ್ನು ಮತ್ತೆ ಜಾರಿತು. ನರ್ಸ್ ಬಂದು ನೋಡಿ, ಸ್ವಲ್ಪ ಹೊತ್ತು ಬಿಡಿ, ದಣಿದಿದ್ದಾರೆ ಎಂದು ಮೆತ್ತಗೆ ಹೇಳಿ ಹೋದಳು.

ಅವರ ಕೈಯನ್ನು ನನ್ನ ಕೈಯಲ್ಲಿ ಹಿಡಿದು ಬರೆಸಬಹುದಿತ್ತು. ಯಾರೂ ನೋಡುತ್ತಿರಲಿಲ್ಲ. ಅವರ ಇಚ್ಛೆ ಏನೆಂದು ಲೋಕದಲ್ಲಿ ನನ್ನಷ್ಟು ಖಚಿತವಾಗಿ ಯಾರಿಗೂ ಗೊತ್ತಿರಲಿಲ್ಲ. ಹಿಡಿಯಲೆಂದು ಬಗ್ಗಿದೆ. ಆದರೆ ಹಾಗೆ ಬರೆದ ಸಹಿ ನನ್ನ ಸಹಿಯಾಗುತ್ತದೆ. ಇನ್ನೊಬ್ಬರ ಸಹಿ ಹಾಕಬಾರದೆಂದು ಮೂವತ್ತು ವರ್ಷ ಬೇರೆಯವರಿಗೆ ಹೇಳಿದವನು ನಾನು. ನನ್ನ ಕೈ ಮುಂದೆ ಹೋಗಲಿಲ್ಲ. ಅಕ್ಕೋರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು ಏನೂ ಹೇಳಲಿಲ್ಲ.

ಆಗ ಅವರು ಎಡಗೈ ಬೆರಳುಗಳನ್ನು ಹೊದಿಕೆಯ ಮೇಲೆ ಆಡಿಸಿದರು. ಅದೊಂದು ಸನ್ನೆ, ಸುಮ್ಮನೆ ಆಡಿದ ಬೆರಳಲ್ಲ. ಎರಡು ಸಲ ಮಾಡಿದರು. ನನಗೆ ಅರ್ಥವಾಗಲಿಲ್ಲ. ಏಳು ವರ್ಷ ಎದುರು ಕೂತಿದ್ದರೂ ಅವರಿಂದ ನಾನು ಒಂದು ಸನ್ನೆಯನ್ನೂ ಕಲಿತಿರಲಿಲ್ಲ. ಇರಲಿ ಬಿಡಿ ಎಂದರೋ, ಬರೆಸಿ ಎಂದರೋ, ನೀರು ಕೇಳಿದರೋ.

ಮರುದಿನ ಬೆಳಿಗ್ಗೆ ಅವರು ತೀರಿಕೊಂಡರು. ಜನವರಿಯಲ್ಲೇ ಒಂದು ಚೆಕ್ಕಿಗೆ ಸಹಿ ಹಾಕಿಸಿ ಇಟ್ಟುಕೊಳ್ಳಬಹುದಿತ್ತಲ್ಲ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ಖಾತೆಯಲ್ಲಿ ಹಣವಿಲ್ಲದೆ ಚೆಕ್ ಬರೆಯಬಾರದು ಎಂದು ಬೇಡವೆಂದವನೂ ನಾನೇ.

ಏಪ್ರಿಲ್‌ನಲ್ಲಿ ಅಕ್ಕೋರ ಕಾಗದಗಳನ್ನು ಅವರ ತಮ್ಮ ತಂದ, ಕೊನೆಯ ತೆರಿಗೆ ರಿಟರ್ನ್ ತುಂಬಿಸಲು. ಉಯಿಲು ಇಲ್ಲದ್ದರಿಂದ ಎಲ್ಲ ಅವನಿಗೇ ಸೇರುತ್ತಿತ್ತು. ಅವನಿಗೆ ಹೇಳಲೇಬೇಕಿತ್ತು, ಹೇಳಿದೆ. ಸಂಸ್ಥೆ, ಮೂರನೇ ಪಾಲು, ಹುಬ್ಬಳ್ಳಿಯ ಹೆಂಗಸು, ಎಲ್ಲ. 

"ನನಗ ಒಂದು ಮಾತು ಹೇಳಲಿಲ್ಲಲ್ರಿ ಅಕ್ಕ."

"ನೀವು ಕೇಳಿದ್ರೆ ಇಲ್ಲ ಅನ್ನಕ್ಕೆ ಬರಲ್ಲ ಅಂತಿದ್ರು."

"ನಾ ಯಾವಾಗ ಕೇಳೀನಿ?" ಎಂದ. ಆಮೇಲೆ ತಾನೇ, "ಕೇಳೀನಿ. ಮನಿ ತಗೊಳ್ಳೂ ಮುಂದ ಒಮ್ಮೆ ಕೇಳೀನಿ" ಎಂದ.

ಆ ವರ್ಷದ ಆರ್ಥಿಕ ಹಿಂಜರಿತದಲ್ಲಿ ಅವನ ಕಂಪನಿ ಅರ್ಧ ಜನರನ್ನು ತೆಗೆದಿತ್ತು. ಮಾರ್ಚ್‌ನಲ್ಲಿ ಅವನನ್ನೂ ರಿಡಂಡೆಂಟ್ ಎಂದು ಮನೆಗೆ ಕಳಿಸಿದ್ದರು. ಮನೆ ಸಾಲದ ಕಂತಿಗೆ ಬ್ಯಾಂಕು ಮೂರು ತಿಂಗಳ ಅವಕಾಶ ಕೊಟ್ಟಿತ್ತು.

"ಈ ರೊಕ್ಕ ನಾ ಕೊಟ್ರ ನನಗೂ ಆ ಮೂರನೇ ಪಾಲು ಬರ್ತದೇನ್ರಿ? ಬಂದ್ರ ಅದನ್ನರ ಆ ಹೆಣ್ಮಗಳಿಗೆ ಕಳಸಬಹುದು."

"ಆದಾಯ ಎಷ್ಟಿದೆಯೋ ಅಲ್ಲಿವರೆಗೆ ಮಾತ್ರ. ಏಪ್ರಿಲ್ ಒಂದಕ್ಕೆ ಶುರುವಾದ ಈ ವರ್ಷ ನಿಮಗೆ ಸಂಬಳವೇ ಇಲ್ವಲ್ಲ."

ಅವನು ತಲೆಯಾಡಿಸಿದ. "ನೀವ ಹೇಳ್ರಿ ಸರ. ನಾ ಏನ ಮಾಡ್ಲಿ?"

ಅಕ್ಕೋರ ಮಾತನ್ನು ನಡೆಸಿಕೊಡಿ ಎನ್ನಬೇಕೆಂದು ಬಾಯಿಯವರೆಗೂ ಬಂತು. ಎದುರಿಗೆ ಅವನ ಸಾಲದ ಕಾಗದವೂ ಬಿಚ್ಚಿಕೊಂಡಿತ್ತು. ಅವರಿಗೆ ಗಂಜಿ ಕುಡಿಸಿದ ಹೆಂಗಸು ಆ ಮನೆಯಲ್ಲೇ ಇದ್ದಳು.

"ಮನೆ ಉಳಿಸಿಕೊಳ್ಳಿ" ಎಂದೆ.

ಅಕ್ಕೋರು ಸಾಯುವ ಮೊದಲು ತಿಂಗಳು ತಿಂಗಳು ಕೊಟ್ಟಿದ್ದ ಚಿಕ್ಕ ದಾನಗಳಿಗೆ ಮಾತ್ರ ರಿಯಾಯಿತಿ ಕೇಳಿ ಅರ್ಜಿ ಹಾಕಿದೆ. ಅದು ಬಂದಾಗ ಅವರ ತಮ್ಮ ಅದರಲ್ಲಿ ಒಂದು ಪೈಸೆಯನ್ನೂ ಮುಟ್ಟದೆ, "ಇಷ್ಟು ಖರೆ ಅಕ್ಕಂದ" ಎಂದು ಶಾಲೆಗೆ ಕಳಿಸಲು ನನಗೆ ಕೊಟ್ಟ. ರೂಪಾಯಿಯ ಲೆಕ್ಕದಲ್ಲಿ ಆ ಹೆಂಗಸಿಗೆ ಮೂರು ತಿಂಗಳ ಸಂಬಳವಾಗುತ್ತಿತ್ತು. ಡ್ರಾಫ್ಟಿನ ಜೊತೆ ಒಂದೇ ಸಾಲು ಬರೆದೆ: ಅಕ್ಕೋರ ಹಣ, ಅವರು ಹೇಳಿದ ಕೆಲಸಕ್ಕೆ. ಅವರು ಇಲ್ಲವೆಂದು ಬರೆಯಲಿಲ್ಲ. ಆ ದಿನ ಕೈ ಬರಲಿಲ್ಲ.

ಸೆಪ್ಟೆಂಬರ್‌ನಲ್ಲಿ ಹೆಡ್‌ಮಾಸ್ತರರ ಪತ್ರ ಬಂತು, ಅಕ್ಕೋರ ಹೆಸರಿಗೇ. ಆ ಹೆಂಗಸು ಜೂನ್‌ನಲ್ಲಿ ಸೇರಿ ಆಗಸ್ಟ್ ಕೊನೆಯವರೆಗೆ ಪಾಠ ಹೇಳಿದಳು, ಮಕ್ಕಳು ಅವಳನ್ನು ಬಿಟ್ಟಿರುತ್ತಿರಲಿಲ್ಲ, ಮುಂದಿನ ಹಣ ಬಾರದ್ದರಿಂದ ನಿಲ್ಲಿಸಬೇಕಾಯಿತು, ತಾವು ಯಾವಾಗ ಬರುತ್ತೀರೆಂದು ಕೇಳುತ್ತಿದ್ದಾಳೆ ಎಂದಿತ್ತು.

ಆಗ ಬರೆದೆ. ಅಕ್ಕೋರು ಫೆಬ್ರವರಿಯಲ್ಲೇ ತೀರಿಕೊಂಡರು, ಅವಳಿಗೆ ದಯವಿಟ್ಟು ತಿಳಿಸಿ, ಒಂದು ವರ್ಷದ ಸಂಬಳ ನಾನು ಕೊಡುತ್ತೇನೆ. ಇದನ್ನು ಮೊದಲೇ ಮಾಡಬಹುದಿತ್ತು. ಯಾಕೆ ಮಾಡಲಿಲ್ಲವೆಂದು ಕೇಳಿದರೆ, ಅದು ಅಕ್ಕೋರ ದಾನ, ನನ್ನದಲ್ಲ ಎಂದು ಅಂದುಕೊಂಡಿದ್ದೆ ಎನ್ನಬೇಕು. ಈಗ ಅದು ನನಗೂ ನೆಪದಂತೆ ಕಾಣುತ್ತದೆ.

ಉತ್ತರ ಬರಲು ಎರಡು ತಿಂಗಳು ಹಿಡಿಯಿತು. ಅವಳು ಗಂಡನ ಜೊತೆ ಸೋಲಾಪುರದ ಕಡೆ ಬಟ್ಟೆ ಕಾರ್ಖಾನೆಯ ಕೆಲಸಕ್ಕೆ ಹೋಗಿದ್ದಾಳೆ, ವಿಳಾಸ ಯಾರಲ್ಲೂ ಇಲ್ಲ, ಬೇರೆ ಯಾರಾದರೂ ಆಗಬಹುದೇ ಎಂದು ಕೇಳಿದ್ದರು. ಆಗಬಹುದು ಎಂದು ಬರೆದೆ. ಬೇರೆ ಯಾರೂ ಸಿಗಲಿಲ್ಲ. ಅಕ್ಕೋರು ಹೋದ ಸುದ್ದಿ ಅವಳು ಊರು ಬಿಡುವ ಮೊದಲು ಅವಳಿಗೆ ಮುಟ್ಟಿತ್ತೋ ಇಲ್ಲವೋ, ಆ ಪತ್ರದಲ್ಲಿ ಇರಲಿಲ್ಲ.